ಕಲ್ಲುಮೇಷ್ಟ್ರ ಮೊನ್ನೆ ಮೊನ್ನೆ

ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುವ ಕಲ್ಲುಮೇಷ್ಟ್ರ ಬಾಯಲ್ಲಿ ‘ಮೊನ್ನೆ ಮೊನ್ನೆ’ ಎಂದರೆ ಐದು ಕೋಟಿ ವರ್ಷದ ಹಿಂದೆ ಎಂದು ತಿಳಿಯಬೇಕು. ತಮ್ಮ ಊರು ಕೂತಿರುವುದು ಹಳೆಯ ಸಮುದ್ರದ ಬೋಗುಣಿಯೊಳಗೆ ಎಂಬುದನ್ನು ಅವರು ಹಾಲಿನವನನ್ನೂ ಬಿಡದೆ ವಿವರಿಸುತ್ತಾರೆ: “ನದಿಗಳು ಹೂಳು ತಂದು ಸುರಿದ್ವು ಕಣಯ್ಯ, ಭಾರಕ್ಕೆ ತಳ ಕುಸೀತು, ಕುಸಿದಷ್ಟೂ ಇನ್ನಷ್ಟು ಹೂಳು. ಆಮೇಲೆ ಪಕ್ಕದ ಭೂಫಲಕ, ಅಂದ್ರೆ ಸದಾ ಸರೀತಾ ಇರೋ ನೆಲದ ದೊಡ್ಡ ಹಲಗೆ, ಬಂದು ಗುದ್ದಿತು ನೋಡು, ಪದರಗಳೆಲ್ಲ ಒದ್ದು ಸರಿಸಿದ ಕಂಬಳಿ ಹಾಗೆ ಸುಕ್ಕುಗಟ್ಟಿದ್ವು!” ಅಷ್ಟರಲ್ಲಿ ಅವನ ಹಾಲು ಒಡೆಯುವುದರಲ್ಲಿರುತ್ತದೆ. ಮನೆಯಲ್ಲೂ ಅದೇ ಸಿದ್ಧಾಂತ. ಕುರ್ಚಿಯ ಮೇಲೆ ಬಟ್ಟೆ, ಬಟ್ಟೆಯ ಮೇಲೆ ಪತ್ರಿಕೆ, ಅದರ ಮೇಲೆ ಕಲ್ಲು. “ಮುಟ್ಟಬೇಡ ಕಣೇ, ಕಾಲಕ್ರಮದಲ್ಲಿದೆ” ಎನ್ನುತ್ತಾರೆ. “ಹೂಳು ಹೂಳು ಅಂತ ನನ್ನನ್ನೇ ಹೂಳ್ತಾ ಇದ್ದೀರಿ” ಎಂದು ಹೆಂಡತಿ ಗೊಣಗುತ್ತಾರೆ. ಅಡುಗೆಮನೆಯ ಗೋಡೆ ಬಿರುಕು ಬಿಟ್ಟು, ಗಾರೆ ಕೆಲಸದವನನ್ನು ಕರೆಸಿ ಎಂದು ಆಕೆ ಹೇಳಿ ಹೇಳಿ ಸೋತಾಗಲೂ ಮೇಷ್ಟ್ರು ಬಿರುಕನ್ನು ಪ್ರೀತಿಯಿಂದ ಸವರಿ, “ಮೊನ್ನೆ ಮೊನ್ನೆ ಬಿಟ್ಟಿದ್ದಲ್ವೇನೇ, ನೋಡೋಣ” ಎಂದರು. ಆಕೆ ನೋಡುತ್ತಾ ಕೂರಲಿಲ್ಲ. ಪರವೂರಿನ ಅಕ್ಕನ ಮನೆಗೆ ಹೊರಟೇಹೋದರು. ಎರಡೇ ದಿನಕ್ಕೆ ಕಂಗಾಲಾದ ಮೇಷ್ಟ್ರು ಫೋನ್ ಮಾಡಿ, “ಯಾವಾಗ ಬರ್ತೀಯೇ?” ಎಂದರು. “ಭೂಮಿ ಹೇಗೂ ಸರೀತಾ ಇದೆಯಲ್ಲ, ಅಕ್ಕನ ಮನೆ ನಮ್ಮನೆ ಹತ್ತಿರ ಬಂದಾಗ ಇಳ್ಕೋತೀನಿ” ಎಂದರು ಆಕೆ. ತಪ್ಪು ತಿದ್ದದೆ ಮೇಷ್ಟ್ರಿಗೆ ತಡೆಯಲಾಗಲಿಲ್ಲ: “ಇಬ್ಬರೂ ಒಂದೇ ಫಲಕದ ಮೇಲಿದ್ದೀವಿ ಕಣೇ. ಅದು ಎಷ್ಟು ಸರಿದರೂ ನಮ್ಮ ನಡುವಿನ ದೂರ ಕಮ್ಮಿ ಆಗಲ್ಲ.” ಅಂದದ್ದು ತಮ್ಮ ಕಿವಿಗೇ ಬಿದ್ದು, ಫೋನ್ ಇಡುವುದನ್ನೂ ಮರೆತು, ಗಾರೆಯವನ ಮನೆಗೆ ಓಡಲು ಚಪ್ಪಲಿ ಹುಡುಕತೊಡಗಿದರು.