ಜೀವ ಉಳಿಸುವ ಚೋಕು

ಆಫೀಸಿನ ಗೆಳೆಯ ಟರ್ಕಿ ಕೋಳಿ ಬೇಟೆಗೆ ಕರೆದಾಗ ನನ್ನ ಹೆಂಡತಿ ಒಂದೇ ಮಾತು ಹೇಳಿದಳು: "ಬಿರಿಯಾನಿ ಬೇಕಂದ್ರೆ ಜೀವ ಇರುವಾಗಲೇ ಬಿಸ್ಮಿಲ್ಲಾ ಹೇಳಿ ಕೊಯ್ದು ತನ್ನಿ. ಗುಂಡಿಗೆ ಸತ್ತಿದ್ದನ್ನ ನಾನು ಮುಟ್ಟಲ್ಲ."

ನಾವಿರುವ ಫ್ರೀಮಾಂಟ್ ಊರಿನಾಚೆ ಒಂದು ಬಂದೂಕಿನ ಅಂಗಡಿಗೆ ಹೋದೆ. ಅಲ್ಲಿನ ಮುದುಕ ಒಂದು ಶಾಟ್‌ಗನ್ ತೆಗೆದು, ನಳಿಗೆಯ ತುದಿಗೆ ಬೆರಳುದ್ದದ ಕೊಳವೆ ತಿರುಗಿಸಿ ಕೂರಿಸಿದ. ಅದೇ ಚೋಕು. "ಇದು ಬಿಗಿ ಜಾಸ್ತಿ. ಚರೆಗುಂಡು ಚದುರದೆ ಒಟ್ಟಾಗಿ ತಲೆಗೇ ಬೀಳುತ್ತೆ, ಹಕ್ಕಿ ಅಲ್ಲೇ ಸಾಯುತ್ತೆ," ಅಂದ.

"ಅಲ್ಲೇ ಸಾಯಬಾರದು. ನಾನು ಹತ್ತಿರ ಹೋಗೋವರೆಗೂ ಜೀವ ಇರಬೇಕು. ಅಂಥ ಚೋಕು ಇದೆಯಾ?"

ಅವನು ಹುಬ್ಬು ಗಂಟಿಕ್ಕಿದ. "ನರಳಿಸೋರಿಗೆ ನಾನು ಬಂದೂಕು ಮಾರಲ್ಲ."

ಹರಿತವಾದ ಚಾಕುವಿನಲ್ಲಿ ಒಂದೇ ಸಲಕ್ಕೆ ಕೊಯ್ಯಬೇಕು, ಆದಷ್ಟು ಕಡಿಮೆ ನೋವಾಗಬೇಕು ಅನ್ನೋದೇ ನಮ್ಮ ನಿಯಮ ಅಂತ ವಿವರಿಸಿದೆ. "ನಮ್ಮಪ್ಪ ಕಲಿಸಿದ್ದೂ ಅದೇ, ನೋವಾಗಬಾರದು ಅಂತ," ಅಂದು ಮುದುಕ ಚೋಕು ಬಿಚ್ಚಿ ಡಬ್ಬಿಗೆ ಹಾಕಿದ.

ಬರಿಗೈಯಲ್ಲಿ ವಾಪಸು ಬಂದೆ. ಹಕ್ಕಿಗೆ ನೋವಾಗಬಾರದು ಅನ್ನೋದರಲ್ಲಿ ನಮ್ಮಿಬ್ಬರಿಗೂ ತಕರಾರಿರಲಿಲ್ಲ. ಅದನ್ನ ಅದರ ಪಾಡಿಗೆ ಬಿಟ್ಟುಬಿಡಬಹುದಲ್ಲ ಅನ್ನೋದು ಮಾತ್ರ ಇಬ್ಬರಿಗೂ ಹೊಳೆಯಲೇ ಇಲ್ಲ.