ತಾರೀಖು ಕೇಳುತ್ತಿದ್ದ ಚಾಚಾ

ಅವರ ಬಲಗೈ ತೋರುಬೆರಳಿಗೆ ಉಗುರಿರಲಿಲ್ಲ. ಕಾಗದ ಕತ್ತರಿಸುವ ಯಂತ್ರ ಎಂದೋ ತಿಂದುಹಾಕಿತ್ತು. ಆ ಬೋಳು ಬೆರಳೊಂದರಿಂದಲೇ ಕೀಬೋರ್ಡು ಕುಟ್ಟಿ, ಶಹಾಪುರದ ನಮ್ಮ ಕಾಲೇಜಿನ ಅರ್ಧ ಮಕ್ಕಳ ಅರ್ಜಿಗಳನ್ನು ಟೈಪು ಮಾಡಿಕೊಟ್ಟರು. ಗೇಟಿನ ಒಳಗೆ ಬೇವಿನ ಮರದಡಿ ಅವರ ತಗಡಿನ ಡಬ್ಬಾ ಅಂಗಡಿ. ಎಲ್ಲರಿಗೂ ಅವರು ಚಾಚಾ.

ಯಾರೇ ಹೋಗಲಿ, ಮೊದಲ ಪ್ರಶ್ನೆ ಒಂದೇ: "ಇವತ್ತ ತಾರೀಖ್ ಎಷ್ಟ್ರಿ?" ತಲೆಯ ಹಿಂದೆಯೇ ಕ್ಯಾಲೆಂಡರ್ ತೂಗುತ್ತಿತ್ತು. ಆದರೂ ನಾವೇ ಬಾಯಿಬಿಟ್ಟು ಹೇಳಬೇಕು. "ತಾರೀಖಿಲ್ಲದ ಕಾಗದ ನಾ ಮಾಡಂಗಿಲ್ಲ. ಅದು ಯಾವಾಗ ಬೇಕಾದ್ರೂ ತಿರುಗಿ ಬಂದು ಕಚ್ಚತೈತಿ" ಎನ್ನುತ್ತಿದ್ದರು. ನಾವು ನಗುತ್ತಿದ್ದೆವು.

ನಾನು ಬಿ.ಕಾಂ. ಎರಡನೆಯ ವರ್ಷದಲ್ಲಿದ್ದಾಗ, ವಿಶ್ವವಿದ್ಯಾಲಯದ ವಿದ್ಯಾರ್ಥಿ ಸಂಘಕ್ಕೆ ಪದವಿ ವಿದ್ಯಾರ್ಥಿಗಳ ಪರವಾಗಿ ಪ್ರತಿ ಕಾಲೇಜಿನಿಂದ ಒಬ್ಬರನ್ನು ಆರಿಸಬೇಕೆಂದು ಸುತ್ತೋಲೆ ಬಂತು. ನಮ್ಮ ಸೀನಿಯರ್ ಒಬ್ಬನಿಗೆ ಆ ಕುರ್ಚಿಯ ಮೇಲೆ ಕಣ್ಣು. ಆದರೆ ಪುಣ್ಯಾತ್ಮನ ಎರಡು ಪೇಪರ್ ಬಾಕಿ! ಪಾಸಾಗುವವರೆಗೆ ನಿಲ್ಲುವ ಹಾಗಿಲ್ಲ. ಅಲ್ಲಿಯವರೆಗೆ ಕುರ್ಚಿ ಕಾಯಲು ಬಾಯಿಲ್ಲದ ಹುಡುಗಿ ಬೇಕಿತ್ತು. ಸಗರದಿಂದ ಬಸ್ಸಿಗೆ ಬಂದು ತಲೆ ತಗ್ಗಿಸಿ ಕೂತು ಹೋಗುವ ನಾನು ಸಿಕ್ಕೆ. ಅವನ ಮಾವ ಆಡಳಿತ ಮಂಡಳಿಯಲ್ಲಿದ್ದರು. ನಮ್ಮಪ್ಪ ಅದೇ ಕಾಲೇಜಿನಲ್ಲಿ ವರ್ಷ ವರ್ಷವೂ ಹೊಸ ಆರ್ಡರಿಗಾಗಿ ಕಾಯುವ ಗುಮಾಸ್ತ. ಒಲ್ಲೆ ಎನ್ನುವುದು ಹೇಗೆ?

"ಸಹಿ ಹಾಕು ತಂಗಿ, ಉಳಿದದ್ದು ನಾವ್ ನೋಡ್ಕೋತೀವಿ" ಎಂದು ಚಾಚಾರ ಅಂಗಡಿಗೆ ಕರೆದೊಯ್ದ. ಎರಡು ಕಾಗದ. ಒಂದು ಉಮೇದುವಾರಿಕೆಯ ಅರ್ಜಿ. ಇನ್ನೊಂದು ನನ್ನದೇ ರಾಜೀನಾಮೆ, ಆಯ್ಕೆಯಾಗುವ ಮೊದಲೇ! ದಿನಾಂಕದ ಜಾಗ ಖಾಲಿ ಬಿಡಬೇಕಂತೆ. ಬೇಕಾದಾಗ ತಾನೇ ತುಂಬಿಕೊಳ್ಳುತ್ತಾನಂತೆ.

ಚಾಚಾ ನನ್ನ ಮುಖ ನೋಡಿದರು. "ಉಮೇದುವಾರ ಅಂತಾರ. ನಿನಗ ಉಮೇದ್ ಐತೇನ್ ಬೇಟಿ?"

ಇತ್ತು. ನಮ್ಮ ಪರೀಕ್ಷಾ ಕೇಂದ್ರವನ್ನು ಯಾದಗಿರಿಗೆ ಹಾಕಿದ್ದರು. ಬಸ್ಸು ತಪ್ಪಿ ಸಗರದ ಹುಡುಗಿಯರಿಬ್ಬರು ಒಂದು ಪೇಪರನ್ನೇ ಕಳೆದುಕೊಂಡಿದ್ದರು. ಆ ಕೇಂದ್ರವನ್ನು ಶಹಾಪುರಕ್ಕೆ ತರಿಸಬೇಕೆಂದು ನನ್ನ ಆಸೆ. ಆದರೆ ಅವನೆದುರು ಹೇಳುವ ಧೈರ್ಯವೆಲ್ಲಿ? ಸುಮ್ಮನೆ ತಲೆಯಾಡಿಸಿದೆ. ಚಾಚಾ ಕೀಬೋರ್ಡು ಕುಟ್ಟತೊಡಗಿದರು. ರಾಜೀನಾಮೆಯ ಕೊನೆಗೆ ದಿನಾಂಕದ ಜಾಗ ಖಾಲಿಯೇ ಇತ್ತು. ಅವನು ಅಷ್ಟು ನೋಡಿ, ಸಹಿ ಹಾಕಿಸಿಕೊಂಡು ಜೇಬಿಗಿಳಿಸಿದ. ಕಣ್ಣು ಮಂಜಾಗಿತ್ತು, ನಾನೂ ಓದಲಿಲ್ಲ.

ಎದುರಿಗೆ ಯಾರೂ ನಿಲ್ಲದಂತೆ ಅವನೇ ನೋಡಿಕೊಂಡ. ನಾನು ಅವಿರೋಧವಾಗಿ ಆಯ್ಕೆಯಾದೆ. ಪರೀಕ್ಷಾ ಕೇಂದ್ರಕ್ಕಾಗಿ ಮೂರು ಅರ್ಜಿಗಳನ್ನು ಚಾಚಾರಿಂದಲೇ ಟೈಪು ಮಾಡಿಸಿ ಕಳಿಸಿದೆ. ನಾಲ್ಕು ತಿಂಗಳ ಮೇಲೆ ಅವನು ಪಾಸಾದ. ಅಂದೇ ಆ ರಾಜೀನಾಮೆಗೆ ದಿನಾಂಕ ತುಂಬಿ, ನನ್ನನ್ನೂ ನಿಲ್ಲಿಸಿಕೊಂಡು ಪ್ರಿನ್ಸಿಪಾಲರ ಮುಂದಿಟ್ಟ. ಅವರು ಕನ್ನಡಕ ಏರಿಸಿ ಓದಿದರು. ಮೊದಲ ಸಾಲಿನ ನಡುವೆ, ಅಂಕಿಯಲ್ಲಲ್ಲ, ಅಕ್ಷರದಲ್ಲಿ, ನಾನು ಸಹಿ ಹಾಕಿದ ದಿನವೇ ಕೂತಿತ್ತು.

"ಮ್ಯಾಲೊಂದು ತಾರೀಖು, ಕೆಳಗೊಂದು ತಾರೀಖು. ಆರಿಸಿ ಬರೂಕಿಂತ ಮದ್ಲೇ ರಾಜೀನಾಮಾ ಕೊಟ್ಟಾಳೇನೋ?" ಎಂದು ನಕ್ಕು ಕಾಗದವನ್ನು ಅವನತ್ತ ತಳ್ಳಿದರು.

ಕುರ್ಚಿ ನನಗುಳಿಯಿತು. ಆ ಕಾಗದ ಟೈಪು ಮಾಡಿದವರು ಯಾರೆಂದು ಅವನಿಗೆ ಗೊತ್ತಿತ್ತಲ್ಲ. ಅದೇ ವಾರ, ಸೈಕಲ್ ಸ್ಟ್ಯಾಂಡ್ ಕಟ್ಟುತ್ತೇವೆಂಬ ನೆಪ ಹೇಳಿ ಆಡಳಿತ ಮಂಡಳಿ ಚಾಚಾರ ಡಬ್ಬಾ ಎತ್ತಿಸಿತು. "ಬಾಯಿ ಮುಚ್ಕೊಂಡಿರವ್ವ, ಜೂನ್‌ದಾಗ ನನ್ನ ಆರ್ಡರ್ ಬರಬೇಕೈತಿ" ಎಂದ ಅಪ್ಪ. ಮುಚ್ಚಿಕೊಂಡೆ. ಥೂ, ಎಂಥ ಪ್ರತಿನಿಧಿ ನಾನು! ಕಂಪ್ಯೂಟರಿಗೆ ಚಾದರ ಸುತ್ತಿ ಕೈಗಾಡಿಯಲ್ಲಿಡುತ್ತಿದ್ದ ಚಾಚಾ, "ಪರೀಕ್ಷಾದ್ದು ಬಿಡಬ್ಯಾಡ ಬೇಟಿ" ಎಂದರು, ಅಷ್ಟೇ. ಬಿಡಲಿಲ್ಲ. ಮುಂದಿನ ಪರೀಕ್ಷೆ ಶಹಾಪುರದಲ್ಲೇ ನಡೆಯಿತು.

ಅವರ ಜಾಗ ಅವರಿಗೇ ಕೊಡಬೇಕೆಂದೂ ಒಂದು ಅರ್ಜಿ ಬರೆದಿದ್ದೆ, ಕೈಯಿಂದಲೇ. ಅಪ್ಪನ ಆರ್ಡರ್ ಬಂದ ಮೇಲೆ ಕೊಟ್ಟರಾಯಿತೆಂದು ದಿನಾಂಕ ಹಾಕಲಿಲ್ಲ. ಜೂನ್ ಬಂತು, ಆರ್ಡರೂ ಬಂತು. ಮುಂದೆ ಮತ್ತೊಂದು ಜೂನ್ ಇತ್ತಲ್ಲ. ಹೋದ ವರ್ಷ ಚಾಚಾ ತೀರಿಕೊಂಡರು. ಆ ಅರ್ಜಿ ನನ್ನ ಮಾರ್ಕ್ಸ್ ಕಾರ್ಡುಗಳ ಫೈಲಿನಲ್ಲಿದೆ. ದಿನಾಂಕದ ಜಾಗ ಇನ್ನೂ ಖಾಲಿ.