ಯೇಸಪ್ಪನ ಜೆರಾಕ್ಸು

ಗೌಂಡಿ ಯೇಸಪ್ಪನ ಮುಂದೆ ಚರ್ಚಿನ ಗೋಡೆಯ ಬಗ್ಗೆ ಯಾರೂ ಹಗುರಾಗಿ ಮಾತಾಡುವಂತಿಲ್ಲ. ತಾವರಗೇರಾ ಹಾದಿಯ ಆ ಸಣ್ಣ ಊರಿನಲ್ಲಿ, ನಿಜಾಮರ ಕಾಲಕ್ಕೆ ಮಿಷನ್ನಿನವರು ಅದನ್ನು ಕಟ್ಟಿಸುವಾಗ ಕಲ್ಲು ಒಡೆದವನು ಅವನ ಅಜ್ಜ. ಗಾರೆ ಉದುರಿದಾಗಲೆಲ್ಲ ತೇಪೆ ಹಾಕಿದವನು ಅಪ್ಪ. ಅರವತ್ತೆಂಟರ ಯೇಸಪ್ಪ ಇವತ್ತಿಗೂ ಕ್ರಿಸ್‌ಮಸ್ಸಿಗೆ ಮೊದಲು ತಾನೇ ಏಣಿ ಹತ್ತಿ ಸುಣ್ಣ ಬಳಿಯುತ್ತಾನೆ. ಮೊಂಡ ಮನುಷ್ಯ. "ನಮ್ಮ ಮನಿ ಸೋರಾಕತ್ತೈತಿ, ಅದನ್ನ ನೋಡವಲ್ರಿ" ಎಂದು ಬೈದು ಬೈದು ಹೆಂಡತಿ ಕರುಣಮ್ಮನಿಗೇ ಸಾಕಾಗಿದೆ.

ಹೋದ ವರ್ಷ ಊರಿನ ಆಸ್ತಿಗಳ ಅಳತೆ ನಡೆದಾಗ ಚರ್ಚಿಗೂ ನೋಟಿಸು ಬಂತು. ಹದಿನೈದು ದಿನದೊಳಗೆ ಜಾಗದ ಕಾಗದ, ಅದರ ಕನ್ನಡ ಅರ್ಥ ಎರಡನ್ನೂ ಕೊಡಬೇಕು. ಇಲ್ಲದಿದ್ದರೆ ಸರಕಾರಿ ಜಾಗವೆಂದು ಬರೆದುಕೊಳ್ಳುತ್ತಾರೆ. ಕಾಗದವೇನೋ ಚರ್ಚಿನ ಸಭೆಯ ಟ್ರಂಕಿನಲ್ಲಿತ್ತು. ಆದರೆ ಇದ್ದದ್ದು ಉರ್ದುವಿನಲ್ಲಿ. ಆ ಹಳೆಯ ಬರಹ ಓದಬಲ್ಲವರೆಂದರೆ ಊರಲ್ಲಿ ನಿವೃತ್ತ ಉರ್ದು ಶಿಕ್ಷಕ ಮಲಿಕಸಾಬ ಮಾಸ್ತರರೊಬ್ಬರೇ. ಅವರ ಮನೆ ಕಟ್ಟಿದವನು ಯೇಸಪ್ಪ. ಅಂದಿನಿಂದ ಮೂವತ್ತು ವರ್ಷದ ಗೆಳೆತನ. ಹಾಗಾಗಿ ಕಾಗದ ಓದಿಸುವ ಕೆಲಸ ಅವನ ಪಾಲಿಗೇ ಬಂತು.

"ಅಸಲಿ ಕಾಗದ ಮಾತ್ರ ಅವರ ಕೈಯಾಗ ಕೊಡಬ್ಯಾಡ, ಕಾಲ ಛಲೋ ಇಲ್ಲ" ಎಂದರು ಸಭೆಯ ಹಿರಿಯರು. ಯೇಸಪ್ಪ ಥೂ ಎನ್ನಬೇಕಿತ್ತು. ಎನ್ನಲಿಲ್ಲ. ಜೆರಾಕ್ಸ್ ಮಾಡಿಸಿಕೊಂಡು ಹೋದ.

ಜೆರಾಕ್ಸು ರೊಟ್ಟಿ ಹಂಚಿನ ತಳದಷ್ಟು ಕಪ್ಪಾಗಿತ್ತು. ಮಾಸ್ತರು ಕನ್ನಡಕ ಏರಿಸಿ, ಹೆಣಗಾಡಿ ಒಂದು ಶಬ್ದ ಹಿಡಿದರು. "ಮದರಸಾ ಅಂತ ಐತಿ. ಉಳದದ್ದು ಕಾಣವಲ್ದು. ಅಸಲಿ ತೊಗೊಂಡ ಬಾ."

ಮದರಸಾ! ಮುಸಲ್ಮಾನರ ಪಾಠಶಾಲೆಯ ಜಾಗವೇ ಇದು ಎಂದುಕೊಂಡ ಯೇಸಪ್ಪ. ಚರ್ಚು ಕೈತಪ್ಪಿತೆಂದೇ ತಿಳಿದ.

"ಅಸಲಿ ಕಳದೈತ್ರಿ, ಮಾಸ್ತರ್ರ."

"ಹೌದಾ? ಈ ಜೆರಾಕ್ಸ್ ಇನ್ನೂ ಬಿಸಿ ಐತಲ್ಲೋ! ಇದೇನ ಗಿಡದಾಗ ಬಿಟ್ಟಿತ್ತನ?"

ಯೇಸಪ್ಪ ಜೆರಾಕ್ಸ್ ಮಡಚಿಕೊಂಡ. ಒಳಗಿನಿಂದ ಚಹಾ ಬರುವ ಮೊದಲೇ ಎದ್ದು ಬಂದ.

ಹನ್ನೆರಡು ದಿನ ಹಾಗೇ ಕಳೆದವು. ಗಂಡ ಸರಿಯಾಗಿ ಉಣ್ಣದ್ದು ನೋಡಿ ನೋಡಿ ಕರುಣಮ್ಮ ಸಿಡಿದಳು: "ಕಾಗದ ಟ್ರಂಕಿನ್ಯಾಗ ಜ್ವಾಕಿ ಮಾಡಿ ಚರ್ಚ್ ಕಳಕೋತೀರೇನು? ನಿಮಗ ಬುದ್ಧಿ ಐತೊ ಇಲ್ಲೊ?"

ಮರುದಿನ ಬೆಳಿಗ್ಗೆ ಅಸಲಿ ಹಿಡಿದು ಹೋದ. ಮಾಸ್ತರು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡರು.

"ನೀನ ಹಿಡಕೊ. ನಾ ಬಗ್ಗಿ ಓದತೀನಿ."

ಯೇಸಪ್ಪ ಕಾಗದ ಬಿಚ್ಚಿ ಹಿಡಿದ. ಮಾಸ್ತರು ಸಾಲು ಸಾಲಾಗಿ ಓದಿದರು. "ಮದರಸಾ ಅಂದ್ರ ಸಾಲಿ. ಆಗಿನ ಸರಕಾರಿ ಕಾಗದದಾಗ ಯಾವ ಸಾಲಿ ಇದ್ರೂ ಹಂಗ ಬರೀತಿದ್ರು. ಮಿಷನ್ನಿನವರ ಸಾಲಿಗೆ, ಪ್ರಾರ್ಥನಾಕ್ಕ ಈ ಜಾಗ ಖಾಯಂ ಕೊಟ್ಟೈತಿ ಅಂತ ಐತಿ. ನಿಮ್ಮದ ಅದು, ಹೆದರಬ್ಯಾಡ."

ಅಯ್ಯೋ, ಯೇಸಪ್ಪನ ಅಪ್ಪ ಅಕ್ಷರ ಕಲಿತದ್ದು ಆ ಕಟ್ಟಡದಲ್ಲೇ! ವಾರವೆಲ್ಲ ಪಾಠ, ಭಾನುವಾರ ಪ್ರಾರ್ಥನೆ. ಇಷ್ಟು ಗೊತ್ತಿದ್ದೂ ತಲೆ ಓಡಿರಲಿಲ್ಲ.

ಮಾಸ್ತರು ಕನ್ನಡದಲ್ಲಿ ಅರ್ಥ ಬರೆದು ಸಹಿ ಹಾಕಿಕೊಟ್ಟರು. ಚರ್ಚು ಉಳಿಯಿತು. ಯೇಸಪ್ಪನಿಗೆ ಸಂತೋಷವೂ ಆಯಿತು, ನೆಲ ಬಾಯಿಬಿಡಬಾರದೇ ಎನ್ನುವಷ್ಟು ನಾಚಿಕೆಯೂ ಆಯಿತು. ಅಸಲಿಯನ್ನು ಮುಂದೆ ಚಾಚಿದ.

"ಒಮ್ಮೆ ಕೈಯಾಗ ಹಿಡದು ನೋಡ್ರಿ, ಮಾಸ್ತರ್ರ."

"ಓದೋದು ಆತಲ್ಲಪಾ" ಎಂದ ಮಾಸ್ತರು, ಪೆನ್ನು ಜೇಬಿಗೆ ಸಿಕ್ಕಿಸಿ, ಕೈಗಳನ್ನು ಮತ್ತೆ ಬೆನ್ನ ಹಿಂದೆ ಕಟ್ಟಿಕೊಂಡರು.